ಅಡವಿಯಿಂದ ಅಕ್ಷರ, ಅಕ್ಷರದಿಂದ ಅಡವಿ

(ಉಪನ್ಯಾಸದ ಬರಹರೂಪ)



1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ಆವರಣಕ್ಕೆ ‘ವಿದ್ಯಾರಣ್ಯ’ ಎಂದು ಹೆಸರು. ಈ ಪದವನ್ನು ಬಿಡಿಸಿ ಬರೆಯಲು ಹೇಳಿದರೆ ಪ್ರೌಢಶಾಲೆಯ ಮಕ್ಕಳು ‘ವಿದ್ಯಾ’ ಮತ್ತು ‘ಅರಣ್ಯ’ ಕೂಡಿ ಆದ ಸವರ್ಣದೀರ್ಘ ಸಂಧಿ ಎಂದು ತಪ್ಪಿಲ್ಲದೆ ಬರೆಯುತ್ತಾರೆ. ಅದೇ ಮಕ್ಕಳಿಗೆ ಊರಿನ ಪಕ್ಕದ ಅರಣ್ಯದಲ್ಲಿರುವ ಹತ್ತು ಮರಗಳ ಹೆಸರು ಬರೆಯಲು ಹೇಳಿದರೆ ಲೇಖನಿ ನಿಲ್ಲುತ್ತದೆ. ಸಂಧಿ ಗೊತ್ತು, ಅರಣ್ಯ ಗೊತ್ತಿಲ್ಲ. ಭಾಷೆಯ ಪಾಠ ಅಡವಿಯಿಂದ ದೂರ ಸರಿದುದರ ಫಲ ಇದು. ಅಡವಿಯ ಅಳಿವನ್ನೇ ಭಾಷೆಯ ಪಾಠವನ್ನಾಗಿ ಮಾಡಲು ಸಾಧ್ಯವೇ ಎಂಬುದೇ ಇಂದಿನ ವಿಚಾರ.

ದೂರದ ಐರ್ಲೆಂಡಿನಲ್ಲಿ ಇದಕ್ಕೊಂದು ನಿದರ್ಶನವುಂಟು. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಓಕ್ ಕಾಡುಗಳನ್ನು ಹಡಗಿಗೆ, ಪೀಪಾಯಿಗೆ, ಕಬ್ಬಿಣ ಕರಗಿಸುವ ಕುಲುಮೆಯ ಇದ್ದಿಲಿಗೆ ಕಡಿಯಲಾಯಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಆ ದೇಶದಲ್ಲಿ ಉಳಿದಿದ್ದ ಕಾಡು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಐರಿಷ್ ಭಾಷೆಯೂ ಅದೇ ಶತಮಾನಗಳಲ್ಲಿ ಕುಗ್ಗುತ್ತ ಬಂದಿತು. ಆದರೆ ಭಾಷೆ ಕಾಡನ್ನು ಮರೆಯಲಿಲ್ಲ. ಡೆರಿ ಎಂಬ ನಗರದ ಹೆಸರಿಗೆ ಓಕ್ ಮರಗಳ ತೋಪು ಎಂದರ್ಥ. ಕಿಲ್ಡೇರ್ ಎಂದರೆ ಓಕ್ ಮರದ ಚರ್ಚು. ಮರಗಳು ಹೋದುದಕ್ಕಾಗಿ ಮರುಗುವ ‘ಕಿಲ್ ಖಾಶ್’ ಎಂಬ ಹಳೆಯ ಕವಿತೆಯನ್ನು ಅಲ್ಲಿನ ಮಕ್ಕಳು ತಲೆಮಾರುಗಳಿಂದ ಶಾಲೆಯಲ್ಲಿ ಓದುತ್ತ ಬಂದಿದ್ದಾರೆ. ಕಳೆದುಹೋದ ಕಾಡಿನ ಮೂಲಕ ಕಳೆದುಹೋಗುತ್ತಿರುವ ಭಾಷೆಯನ್ನು ಕಲಿಯುವ ದಾರಿ ಅದು.

ಅಲ್ಲಿ ಕಬ್ಬಿಣ ಕರಗಿಸಲು ಕಾಡು ಹೋಯಿತು. ಸಂಡೂರಿನಲ್ಲಿ ಕಬ್ಬಿಣದ ಅದಿರು ಅಗೆಯಲು ಹೋಗುತ್ತಿದೆ. ಒಂದು ವ್ಯತ್ಯಾಸವೆಂದರೆ ಸಂಡೂರಿನ ಕಾಡು ಇನ್ನೂ ಪೂರ್ತಿ ಹೋಗಿಲ್ಲ. ಆದುದರಿಂದ ಇಲ್ಲಿನ ಪಾಠ ಕೇವಲ ಶೋಕಗೀತೆಯಾಗಬೇಕಿಲ್ಲ.

ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಇವು ಭಾಷೆಯ ನಾಲ್ಕು ಕೌಶಲಗಳೆಂದು ಶಿಕ್ಷಣಶಾಸ್ತ್ರ ಹೇಳುತ್ತದೆ. ಈ ನಾಲ್ಕನ್ನೂ ಗುಡ್ಡದ ಮೇಲೆಯೇ ಕಲಿಸಬಹುದು.

ಮೊದಲನೆಯದು ಆಲಿಸುವುದು. ಕುರಿ ಕಾಯುವ ಅಜ್ಜ, ಸೌದೆ ತರುವ ಅಜ್ಜಿ, ನಾಟಿವೈದ್ಯ ಇವರೇ ಈ ತರಗತಿಯ ಗುರುಗಳು. ದಿಂಡಿಗ, ಮುತ್ತುಗ, ಕಕ್ಕೆ, ತುಗ್ಗಲಿ, ತಂಗಡಿ, ಕಾರೆ ಎಂಬ ಹೆಸರುಗಳು ಅವರ ನಾಲಿಗೆಯ ಮೇಲಿವೆ. ಸಂಡೂರು ಸೀಮೆಯ ಲಂಬಾಣಿ ತಾಂಡಾಗಳ ಮಕ್ಕಳ ಮನೆಮಾತು ಗೋರ್ ಬೋಲಿ. ಅವರ ಅವ್ವ ಹೇಳುವ ಮರದ ಹೆಸರನ್ನೂ ಕನ್ನಡದ ಹೆಸರನ್ನೂ ಒಂದೇ ಹಾಳೆಯಲ್ಲಿ ಬರೆಸಬೇಕು. ಆಗ ಕನ್ನಡವು ಆ ಮಗುವಿಗೆ ಪರಕೀಯವೆನಿಸುವುದಿಲ್ಲ, ಮನೆಮಾತೂ ಕೀಳೆನಿಸುವುದಿಲ್ಲ.

ಎರಡನೆಯದು ಮಾತನಾಡುವುದು. ಹೊಸಪೇಟೆಯ ಬಳಿ 1953ರಲ್ಲಿ ನೀರು ತುಂಬಿದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಆ ಹೂಳು ಒಂದೇ ಗುಡ್ಡದ್ದಲ್ಲ. ಮಲೆನಾಡಿನಿಂದ ಇಲ್ಲಿಯವರೆಗಿನ ಇಡೀ ಜಲಾನಯನದ ಮಣ್ಣು. ಗುಡ್ಡ ಬೋಳಾದಷ್ಟೂ ಮಣ್ಣು ಕೆಳಗಿಳಿಯುತ್ತದೆ. ಗುಡ್ಡದ ಊರಿನ ಹುಡುಗಿಯೊಬ್ಬಳು ಕಂಪ್ಲಿಯ ಭತ್ತ ಬೆಳೆಯುವ ರೈತನ ಮಗನಿಗೆ ‘ಹೂಳು’ ಎಂಬ ಒಂದು ಪದವನ್ನು ವಿವರಿಸಬಲ್ಲಳಾದರೆ, ಅದಕ್ಕಿಂತ ಒಳ್ಳೆಯ ಭಾಷಣ ಸ್ಪರ್ಧೆ ಬೇರೆ ಬೇಕಿಲ್ಲ.

ಮೂರನೆಯದು ಓದುವುದು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಫಲಕವೇ ಒಂದು ಪಾಠ: ಕನ್ನಡದ ‘ಕರಡಿ’ಗೆ ಸಂಸ್ಕೃತದ ‘ಧಾಮ’ ಸೇರಿದೆ, ಆದುದರಿಂದ ಅರಿಸಮಾಸ. ಆದರೆ ಇದಕ್ಕಿಂತ ಕಠಿಣವಾದ ಓದು ಸರ್ಕಾರಿ ಕಡತದ್ದು. ಮನೆಯಲ್ಲಿ ‘ಅಡವಿ ಕಡಿಯುತ್ತಾರೆ’ ಎನ್ನುವುದನ್ನು ಕಡತವು ‘ಅರಣ್ಯೇತರ ಉದ್ದೇಶಕ್ಕೆ ಬಳಕೆ’ ಎನ್ನುತ್ತದೆ. ಈ ಎರಡು ವಾಕ್ಯಗಳ ಅರ್ಥ ಒಂದೇ ಎಂದು ತಿಳಿಯದವನು ಎಷ್ಟು ಓದಿದರೂ ಅನಕ್ಷರಸ್ಥನೇ. ಕಡತದ ಒಂದು ಪುಟವನ್ನು ಊರಿನ ಆಡುಮಾತಿಗೆ ತಿರುಗಿಸುವುದು ವಾರಕ್ಕೊಂದು ಅಭ್ಯಾಸವಾಗಲಿ.

ನಾಲ್ಕನೆಯದು ಬರೆಯುವುದು. ಬರವಣಿಗೆಯ ಬಲವೇನೆಂಬುದನ್ನು ಈ ಜಿಲ್ಲೆಯೇ ಕಂಡಿದೆ. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯವು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿ ಮತ್ತು 2011ರಲ್ಲಿ ವರದಿ ಬರೆದರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಗುಡ್ಡದ ಪುನಶ್ಚೇತನದ ಷರತ್ತು ವಿಧಿಸಿತು. ಗುಡ್ಡ ಅಗೆಯುವ ಯಂತ್ರಗಳನ್ನು ತಡೆದುದು ಕಾಗದದ ಮೇಲಿನ ಅಕ್ಷರ.

ಆ ಅಕ್ಷರದ ಅಗತ್ಯ ಇನ್ನೂ ಮುಗಿದಿಲ್ಲ. ಸಂಡೂರಿನ ಸ್ವಾಮಿಮಲೈ ಅರಣ್ಯದ ದೇವದಾರಿ ಗುಡ್ಡಸಾಲಿನಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಕೆಐಒಸಿಎಲ್ ಕಂಪನಿಯ ಗಣಿ ಯೋಜನೆಗೆ ಸುಮಾರು 400 ಹೆಕ್ಟೇರ್ ಅರಣ್ಯ ಬೇಕಾಗಿತ್ತು. 99 ಸಾವಿರಕ್ಕೂ ಹೆಚ್ಚು ಮರಗಳು ಹೋಗುವ ಲೆಕ್ಕ ಅದು. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಭೂಮಿಯನ್ನು ಹಸ್ತಾಂತರಿಸದಂತೆ ಅಧಿಕಾರಿಗಳಿಗೆ ಸೂಚಿಸಿದರು. 99 ಸಾವಿರ ಎಂಬುದು ಸಂಖ್ಯೆ ಮಾತ್ರ. ಅದರಲ್ಲಿ ಕಕ್ಕೆ ಎಷ್ಟು, ದಿಂಡಿಗ ಎಷ್ಟು, ಯಾವುದರ ನೆರಳಿನಲ್ಲಿ ಯಾವ ಊರಿನ ದನ ಮಲಗುತ್ತವೆ ಎಂದು ಬರೆಯಬಲ್ಲವರು ಗುಡ್ಡದ ಮಕ್ಕಳೇ.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಯೋಜನೆಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ಅದೇ ವರ್ಷದ ಅರಣ್ಯ ಹಕ್ಕು ಕಾಯ್ದೆ ಅಡವಿಯನ್ನೂ ಜಲಮೂಲವನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಆ 30 ದಿನಗಳಲ್ಲಿ ಸಾರಾಂಶವನ್ನು ಓದಿ, ಊರವರಿಗೆ ತಿಳಿಸಿ, ಆಕ್ಷೇಪಣೆ ಬರೆದು, ಸಭೆಯಲ್ಲಿ ಎದ್ದು ನಿಂತು ಮಾತನಾಡುವವರು ಯಾರು? ಪಠ್ಯದಲ್ಲಿ ‘ಪತ್ರಲೇಖನ’ ಎಂಬ ಪಾಠ ಪ್ರತಿ ವರ್ಷವೂ ಇದೆ. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯುವುದರಲ್ಲಿಯೇ ಅದು ಮುಗಿಯುತ್ತದೆ. ಗುಡ್ಡವನ್ನು ಉಳಿಸಲು ಕೋರಿ ಜಿಲ್ಲಾಧಿಕಾರಿಗೆ ಬರೆಯುವ ಪತ್ರವೂ ಅಲ್ಲಿ ಸೇರಲಿ.

ಅಡವಿಯಿಂದ ಕಲಿತ ಭಾಷೆ ಮಾತ್ರ ಅಡವಿಯ ಪರವಾಗಿ ನಿಲ್ಲಬಲ್ಲದು. ಮುಂದಿನ ವಾರ ಕನ್ನಡದ ಒಂದು ಅವಧಿಯನ್ನು ಗುಡ್ಡದ ಮೇಲೆ ನಡೆಸಿ, ಹತ್ತು ಮರಗಳ ಹೆಸರನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಂಡು ಬಂದರೆ ಈ ಮಾತುಗಳು ಸಾರ್ಥಕ.