ಸೋಫಿಯಾದ ಬೀದಿರುಚಿ

ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಪ್ರವಾಸಿಗರನ್ನು ಬೀದಿ ಬೀದಿ ನಡೆಸಿ, ಊರಿನ ತಿಂಡಿಗಳ ರುಚಿ ತೋರಿಸುವ ಮಾರ್ಗದರ್ಶಕರಿದ್ದಾರೆ. ತೆಳುವಾದ ಹಿಟ್ಟಿನ ಹಾಳೆಗಳ ನಡುವೆ ಮೊಟ್ಟೆ, ಬಿಳಿ ಚೀಸ್ ಹರಡಿ ಬೇಯಿಸಿದ ಬಾನಿತ್ಸಾ. ಜೊತೆಗೆ ಧಾನ್ಯ ಹುದುಗಿಸಿ ಮಾಡಿದ, ಗಂಜಿಯಂತೆ ಮಂದವಾದ ಬೋಜಾ. ಇದು ಅಲ್ಲಿನವರ ಬೆಳಗಿನ ತಿಂಡಿಯೇ ಹೌದು. ಆದರೆ ಶಾಪ್ಸ್ಕಾ ಸಲಾಡ್ ಬಂದಾಗ ಆಕ್ಷೇಪ ಏಳುತ್ತದೆ. ಟೊಮೆಟೊ, ಸೌತೆಕಾಯಿ, ಈರುಳ್ಳಿಯ ಮೇಲೆ ಚೀಸ್ ತುರಿದು ಉದುರಿಸುವ ಈ ತಿನಿಸನ್ನು ಕಳೆದ ಶತಮಾನದ ನಡುವಿನಲ್ಲಿ ಜನಪ್ರಿಯಗೊಳಿಸಿದ್ದು ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಬಾಲ್ಕನ್‌ಟೂರಿಸ್ಟ್.

ಅತಿಥಿಗಳಿಗೆಂದು ರೂಪಿಸಿದ್ದು ಸಂಪ್ರದಾಯ ಹೇಗಾದೀತು? ನ್ಯಾಯವಾದ ಪ್ರಶ್ನೆಯೇ. ಆದರೆ ಪ್ರವಾಸಿಗರು ಹೊರಟುಹೋದ ಮೇಲೂ ಮನೆಗಳಲ್ಲಿ ಅದನ್ನು ಮಾಡುತ್ತಾರೆ, ರಾಕಿಯಾ ಎಂಬ ಹಣ್ಣಿನ ಮದ್ಯದ ಜೊತೆ ಬಡಿಸುತ್ತಾರೆ. ಹಳತನವೊಂದೇ ಅಳತೆಯಾದರೆ ಟೊಮೆಟೊ ಕೂಡ ಅಲ್ಲಿಗೆ ಹೊಸದು. ಅಮೆರಿಕ ಖಂಡದಿಂದ ಬಂದದ್ದು. ನಮ್ಮ ಸಾರಿಗೂ ಅದು ಹಾಗೆಯೇ ಬಂದು ಸೇರಿತು.