ಇಂಗ್ಲಿಷ್ ಕಲಿಸಲು ಯಾವ ದೇಶಕ್ಕೆ?



ಎಂ.ಎ., ಬಿ.ಎಡ್. ಮುಗಿಸಿದವರು ನನ್ನಲ್ಲಿ ಮೊದಲು ಕೇಳುವುದು, "ಸರ್, ಯಾವ ದೇಶದಲ್ಲಿ ಸಂಬಳ ಹೆಚ್ಚು?" ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ಕೆಲಸ ಕೊಡಲು ಯಾವ ದೇಶದ ಕಾನೂನು ಒಪ್ಪುತ್ತದೆ ಎಂಬುದು.

ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧಕರ ವೀಸಾವನ್ನು ಮುಖ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ 7 ದೇಶಗಳ ಪ್ರಜೆಗಳಿಗೆ ಕೊಡುತ್ತದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದ ನಮಗೂ ಸಣ್ಣದೊಂದು ಬಾಗಿಲು ತೆರೆಯಿತು. ಅದೂ ಸಹಾಯಕ ಶಿಕ್ಷಕರಾಗಿ, ಬೋಧನಾ ಅರ್ಹತೆ ಇದ್ದವರಿಗೆ.

ಗಲ್ಫಿನ ಸ್ಥಿತಿ ಬೇರೆ. ಒಮಾನ್, ಕುವೈತ್, ಸೌದಿಗಳಲ್ಲಿ ಸಿ.ಬಿ.ಎಸ್.ಇ. ಪಠ್ಯಕ್ರಮದ ಭಾರತೀಯ ಶಾಲೆಗಳಿವೆ. ಅಲ್ಲಿ ನಮ್ಮ ಬಿ.ಎಡ್.ಗೆ ಬೆಲೆಯಿದೆ. ಪದವಿ ಪ್ರಮಾಣಪತ್ರಗಳ ದೃಢೀಕರಣವನ್ನು ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ನಾನೂ ಒಮ್ಮೆ ಏಜೆಂಟನ ಮಾತು ನಂಬಿ ವಿಸಿಟ್ ವೀಸಾದಲ್ಲಿ ಹೋದವನು. ಮೂರು ತಿಂಗಳು ಪಾಠ ಮಾಡಿದೆ. ಸಂಬಳ ಕೇಳಲು ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಉಮ್ಮನ ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಆದುದರಿಂದ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ನೋಂದಣಿ ಪರೀಕ್ಷಿಸಿರಿ. ಉದ್ಯೋಗ ವೀಸಾ ಮತ್ತು ಸಹಿಯಾದ ಕರಾರು ಪತ್ರ ಕೈಗೆ ಬಂದ ಮೇಲೆಯೇ ವಿಮಾನ ಹತ್ತಿರಿ.

ನಿಮಗೆಲ್ಲರಿಗೂ ಒಳಿತಾಗಲಿ.