ಹಸಿರು ಗೆರೆಯ ಕಾವಲು

ದೊಡ್ಡ ಆಸ್ಪತ್ರೆಯ ಹೃದ್ರೋಗ ತೀವ್ರನಿಗಾ ಘಟಕದ ಹೊರಗೆ, ಬೆಂಚಿನ ಮೇಲೆ ರಾತ್ರಿ ಕಳೆದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಬಾಗಿಲು ತೆರೆದಾಗಲೊಮ್ಮೆ ಒಳಗಿನ ಹಸಿರು ಗೆರೆಗಳು ಕಣ್ಣಿಗೆ ಬೀಳುತ್ತವೆ. ಮನೆಗೆ ಬಂದ ಮೇಲೆ ನಾವು ಆಡುವುದೂ ಆ ಯಂತ್ರಗಳ ಮಾತನ್ನೇ. ಆ ಗೆರೆಯ ಮೇಲೆ ಕಣ್ಣಿಟ್ಟು ನಿಂತಿದ್ದ ಸಿಸ್ಟರ ಮಾತನ್ನು ಯಾರೂ ಎತ್ತುವುದಿಲ್ಲ. ಈ ಕೆಲಸದಲ್ಲಿ ಈಗ ಗಂಡಸರೂ ಇದ್ದಾರೆ. ಮಾತಿನ ಅನುಕೂಲಕ್ಕೆ ಆಕೆ ಎಂದೇ ಹೇಳುತ್ತೇನೆ.

ಹೃದಯಾಘಾತವಾದವರಿಗೆ ಮೊದಲ ಗಂಟೆಗಳೇ ಗಂಡಾಂತರದವು. ಹೃದಯದ ಕೆಳಕೋಣೆಗಳು ಮಿಡಿಯುವುದನ್ನು ಬಿಟ್ಟು, ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಸುಮ್ಮನೆ ಅದುರತೊಡಗಬಹುದು. ಆಗ ರಕ್ತ ಮುಂದೆ ಸಾಗದು. ನಾಲ್ಕೈದು ನಿಮಿಷ ಹೀಗೇ ಕಳೆದರೆ ಮಿದುಳಿಗೆ ಪೆಟ್ಟು. ಯಾರೂ ಎದೆಯೊತ್ತದೆ ಬಿಟ್ಟರೆ, ವಿದ್ಯುತ್ತಿನ ಆಘಾತ ಒಂದೊಂದು ನಿಮಿಷ ತಡವಾದಂತೆಲ್ಲ ಬದುಕುವ ಸಂಭವ ನೂರಕ್ಕೆ ೭ರಿಂದ ೧೦ರಷ್ಟು ಇಳಿಯುತ್ತದೆ.

ಹಿಂದೆ ಇಂಥ ರೋಗಿಗಳು ಆಸ್ಪತ್ರೆಯ ಬೇರೆಬೇರೆ ವಾರ್ಡುಗಳಲ್ಲಿ ಚದುರಿ ಮಲಗಿರುತ್ತಿದ್ದರು. ೧೯೬೦ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರೂ ಅವರ ಇಬ್ಬರು ಸಂಗಡಿಗರೂ ಎದೆಯನ್ನು ಸೀಳದೆ, ಹೊರಗಿನಿಂದಲೇ ಒತ್ತಿ ರಕ್ತ ಓಡಿಸಬಹುದೆಂದು ತೋರಿಸಿದರು. ಮರುವರ್ಷ ಎಡಿನ್‌ಬರೋದ ತರುಣ ವೈದ್ಯ ಡೆಸ್ಮಂಡ್ ಜೂಲಿಯನ್ ಒಂದು ಸಲಹೆ ಮುಂದಿಟ್ಟರು: ಈ ರೋಗಿಗಳನ್ನೆಲ್ಲ ಒಂದೇ ಕಡೆ ಮಲಗಿಸಿ, ಹೃದಯದ ಲಯವನ್ನು ಬಿಡದೆ ನೋಡುತ್ತಿರಿ, ಎದೆಯೊತ್ತುವುದನ್ನು ವೈದ್ಯರಿಗಷ್ಟೇ ಅಲ್ಲ, ದಾದಿಯರಿಗೂ ಕಲಿಸಿ. ೧೯೬೨ರಲ್ಲಿ ಕ್ಯಾನ್ಸಸ್ ನಗರದಲ್ಲಿ ಹ್ಯೂಸ್ ಡೇ ಎಂಬ ವೈದ್ಯರು ಅಂಥ ಘಟಕವನ್ನು ತೆರೆದರು.

ಆದರೆ ತೊಡಕು ಎಲ್ಲಿತ್ತು? ಗಂಟೆ ಬಾರಿಸಿದಾಗ ಪಕ್ಕದಲ್ಲಿರುವವಳು ದಾದಿ. ಆಘಾತ ಕೊಡುವ ಅಧಿಕಾರವಿದ್ದವರು ವೈದ್ಯರು. ಅವರು ಮಹಡಿ ಹತ್ತಿ ಬರುವಷ್ಟರಲ್ಲಿ ಆ ನಾಲ್ಕು ನಿಮಿಷ ಮುಗಿದಿರುತ್ತಿತ್ತು. ಫಿಲಡೆಲ್ಫಿಯದ ಲಾರೆನ್ಸ್ ಮೆಲ್ಟ್ಜರ್ ಎಂಬ ವೈದ್ಯರೂ ರೋಸ್ ಪಿನಿಯೊ ಎಂಬ ದಾದಿಯೂ ಕೂಡಿ ಈ ಗಂಟನ್ನು ಬಿಚ್ಚಿದರು. ಗೆರೆಯನ್ನು ಓದಲು ಕಲಿತ ದಾದಿ ತಾನೇ ಆಘಾತ ಕೊಡಲಿ ಎಂದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಯಂತ್ರಕ್ಕಿಂತ ದೊಡ್ಡ ಶೋಧ ಈ ಅನುಮತಿಯೇ.

ಅನುಮತಿ ಕೊಟ್ಟು ಕೈಬಿಟ್ಟರೆ ಸಾಲದು. ಆಕೆಯ ಹಿಂದೆ ಒಂದು ಏರ್ಪಾಡು ನಿಂತಿರಬೇಕು. ಉಸಿರಾಟದ ಯಂತ್ರದಲ್ಲಿರುವ, ಸ್ಥಿತಿ ತೀರ ನಾಜೂಕಾದ ರೋಗಿಗೆ ಒಬ್ಬ ದಾದಿ. ತುಸು ಸುಧಾರಿಸಿದ ಇಬ್ಬರಿಗೆ ಒಬ್ಬಳು. ಇದು ಒಳ್ಳೆಯ ಘಟಕಗಳ ಪದ್ಧತಿ. ಪಾಳಿಯ ಹಿರಿಯ ಸಿಸ್ಟರ್ ತನಗೆಂದು ರೋಗಿಯನ್ನು ಇಟ್ಟುಕೊಳ್ಳುವುದಿಲ್ಲ. ಎಲ್ಲಿ ಕೈ ಸಾಲದೋ ಅಲ್ಲಿಗೆ ಆಕೆ. ಹೊಸಬಳು ಕೆಲವು ವಾರ ಅನುಭವಸ್ಥೆಯ ಜೊತೆಯಲ್ಲೇ ದುಡಿಯುತ್ತಾಳೆ. ಅಪಾಯದ ಔಷಧಿಯನ್ನು ಇಬ್ಬರು ಕಣ್ಣಾರೆ ನೋಡಿ, ಲೆಕ್ಕ ಸರಿಯೆಂದ ಮೇಲೆಯೇ ಕೊಡುವುದು.

ಹೃದಯ ನಿಂತಿತೆನ್ನಿ. ಒಬ್ಬಳು ಎದೆಯೊತ್ತುತ್ತಾಳೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ. ತೋಳು ಸೋಲುವ ಮೊದಲೇ, ಎರಡು ನಿಮಿಷಕ್ಕೆ, ಇನ್ನೊಬ್ಬಳು ಆ ಜಾಗಕ್ಕೆ ಬರುತ್ತಾಳೆ. ಒಬ್ಬಳು ಆಘಾತದ ಯಂತ್ರದ ಬಳಿ, ಒಬ್ಬಳು ಔಷಧಿಗೆ, ಮತ್ತೊಬ್ಬಳು ಗಡಿಯಾರ ನೋಡಿ ಎಲ್ಲವನ್ನೂ ಬರೆದಿಡಲು. ಯಾರ ಕೆಲಸ ಯಾವುದೆಂಬುದು ಪಾಳಿ ಶುರುವಾದಾಗಲೇ ಗೊತ್ತಾಗಿರಬೇಕು. ಮದುವೆಮನೆಯಲ್ಲಿ ಬಡಿಸುವವರು ಎಲೆ ಹಾಕಿದ ಮೇಲೆ ಸಾರಿನ ಸೌಟು ಹುಡುಕಿದರೆ ಆದೀತೆ?

ಇನ್ನೊಂದು ತೊಂದರೆ ಹೊರಗಿನವರಿಗೆ ತಿಳಿಯದು. ಯಂತ್ರಗಳು ಕೂಗುವುದು ಬಹುಪಾಲು ಸುಳ್ಳೇ. ರೋಗಿ ಮಗ್ಗುಲಾದರೂ ಕೂಗು, ಎದೆಯ ಮೇಲಿನ ತಂತಿ ಸಡಿಲವಾದರೂ ಕೂಗು. ಕೇಳಿ ಕೇಳಿ ಕಿವಿ ಮೊಂಡಾಗುತ್ತದೆ. ನಿಜವಾದ ಕೂಗು ಅದರಲ್ಲಿ ಮುಳುಗಿಹೋಗಬಹುದು. ಆದ್ದರಿಂದಲೇ ಎಚ್ಚರಿಕೆಯ ಮಿತಿಗಳನ್ನು ಆಯಾ ರೋಗಿಗೆ ತಕ್ಕಂತೆ ಹೊಂದಿಸುತ್ತಾರೆ, ಎದೆಗೆ ಅಂಟಿಸಿದ ಬಿಲ್ಲೆಗಳನ್ನು ಕಾಲಕಾಲಕ್ಕೆ ಬದಲಿಸುತ್ತಾರೆ.

ದಣಿದ ಕಿವಿಗೆ ಇಷ್ಟೇ ಉಪಾಯ ಸಾಲದು, ವಿಶ್ರಾಂತಿಯೂ ಬೇಕು. ಒಬ್ಬಳ ಮೇಲೆ ಐದಾರು ಮಂಚಗಳನ್ನು ಹೊರಿಸಿದರೆ ಆಕೆ ಚಹಾ ಕುಡಿಯಲು ಎದ್ದುಹೋಗುವುದಾದರೂ ಹೇಗೆ? ಕೈಯೊಳಗೇ ಒಬ್ಬರು ಪ್ರಾಣ ಬಿಟ್ಟರೆ, ಮುಖ ತೊಳೆದು ಕಾಲು ಗಂಟೆಯಲ್ಲಿ ಪಕ್ಕದ ಮಂಚದವರ ಮುಂದೆ ನಗುಮುಖದಿಂದ ನಿಲ್ಲಬೇಕು. ಕೆಲವು ಕಡೆ ಅಂಥ ಸಾವಿನ ನಂತರ ತಂಡದವರೆಲ್ಲ ಹತ್ತು ನಿಮಿಷ ಕೂತು, ಆದದ್ದನ್ನು ಮಾತಾಡಿಕೊಳ್ಳುವ ರೂಢಿಯಿದೆ. ಅಲ್ಲಿ ತಪ್ಪು ಹುಡುಕುವುದಿಲ್ಲ. ಯಾರಿಗೆ ಕೈ ನಡುಗಿತೋ ಅವರು ಅದನ್ನು ಬಾಯಿಬಿಟ್ಟು ಹೇಳಬಹುದು. ಖರ್ಚಿಲ್ಲದ ಈ ಏರ್ಪಾಡು ಎಲ್ಲ ಕಡೆ ಯಾಕಿಲ್ಲವೋ ಕಾಣೆ.

ಬೆಳಗಾಗುತ್ತದೆ. ಹಗಲು ಪಾಳಿಯವಳು ಬಂದ ಮೇಲೆ ಇಬ್ಬರೂ ರೋಗಿಯ ಮಂಚದ ಪಕ್ಕದಲ್ಲೇ ನಿಂತು ರಾತ್ರಿಯ ಲೆಕ್ಕ ಒಪ್ಪಿಸಿಕೊಳ್ಳುತ್ತಾರೆ: ನಾಡಿ, ಮೂತ್ರ, ಔಷಧಿ, ಎರಡು ಗಂಟೆಗೆ ಗೆರೆ ಒಮ್ಮೆ ಹಾದಿ ತಪ್ಪಿದ್ದು. ಆಮೇಲೆ ಆಕೆ ಹೊರಗೆ ಬರುತ್ತಾಳೆ. ಬೆಂಚಿನ ಮೇಲೆ ಕೂತ ನಮ್ಮನ್ನು ಕಂಡು, “ಅಮ್ಮಾ, ಯಜಮಾನರು ಈಗ ನಿದ್ದೆಯಲ್ಲಿದ್ದಾರೆ, ನೀವು ಹೋಗಿ ಕಾಫಿ ಕುಡಿದು ಬನ್ನಿ” ಎಂದು ಹೇಳಿ, ಬಸ್ಸು ತಪ್ಪೀತೆಂದು ಬೇಗಬೇಗ ಮೆಟ್ಟಿಲಿಳಿಯುತ್ತಾಳೆ.